ಕಾಕಿಯ ಸವತಿಗೆ ಉಡಿ ತುಂಬಿದ್ದು

ನಮ್ಮ ಮನೆಯ ಮುಂಬಾಗಿಲಿಗೆ ಚಾಡಿ ಹೇಳುವ ಚಟ. ನಾನು ವಾಕಿಂಗಿನ ನೆವ ಮಾಡಿ ಬಜಾರಕ್ಕೆ ಹೋಗಿ, ಮಿರ್ಚಿ ತಿಂದು, ಬಾಯಿ ಒರೆಸಿಕೊಂಡು ಸಂಭಾವಿತನಂತೆ ಒಳಗೆ ಕಾಲಿಟ್ಟರೆ ಅದು ಕಿರ್ರ್ ಎಂದು ಓಣಿಗೆಲ್ಲ ಡಂಗುರ ಸಾರುತ್ತದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬರುತ್ತದೆ: "ಎಷ್ಟ ತಿಂದ್ರಿ?" ಇವತ್ತು ಇದರ ಬಾಯಿ ಮುಚ್ಚಿಸಿಯೇ ಬಿಡೋಣ ಎಂದು ಸ್ಟೂಲು ಹಾಕಿ ಹತ್ತಿದೆ. ಕೈಯಲ್ಲಿ ಉದ್ದ ಮೂಗಿನ ಹಿತ್ತಾಳೆಯ ಎಣ್ಣೆಕುಪ್ಪಿ. ತಳ ಒತ್ತಿದರೆ ಟಕ್ ಎಂದು ಒಂದೇ ಒಂದು ಹನಿ ಬೀಳುತ್ತದೆ. ಬಾಗಿಲಿನ ತಿರುಗಣಿಗೆ ಅದರ ಮೂಗು ತಾಗಿಸಿದೆನೋ ಇಲ್ಲವೋ, ವಾಸನೆ ಬಂತು. ಔಡಲೆಣ್ಣೆ, ಕಬ್ಬಿಣದ ತುಕ್ಕು, ಎಲ್ಲೋ ಒಂದಿಷ್ಟು ಅರಿಷಿಣ. ಎಣ್ಣೆ ಹಾಕುವುದನ್ನು ಬಿಟ್ಟು ಇಳಿದು ಅದೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ. ಹೊಸ್ತಿಲ ಮೇಲೆ ಮಾತ್ರ ಬೇಡ, ಕಾಕಿ ನೋಡಿದರೆ ಬೈಯುತ್ತಾಳೆ. ಕಟ್ಟೆಯ ಮೇಲೆ ಆರಾಮಾಗಿ ಕೂತುಕೊಳ್ಳಿ.

ಈ ಕುಪ್ಪಿಯನ್ನು ಸಾದಾ ಕುಪ್ಪಿ ಅಂದುಕೊಳ್ಳಬೇಡಿ. ಬೈಲಹೊಂಗಲ ಸೀಮೆಯಲ್ಲಿದ್ದ ಒಂದೇ ಒಂದು ರೈಲುಗಾಡಿಯ ಆಸ್ತಿ ಇದು. ಬೈಲಹೊಂಗಲದಲ್ಲಿ ರೈಲು ಎಲ್ಲಿ ಬಂತು ಎಂದು ನೀವು ಕೇಳಿದರೆ, ನೀವು ಭೂಗೋಳ ಬಲ್ಲವರು. ಬಂದಿಲ್ಲ. ನಾನು ಇಲ್ಲಿಯ ಸಾಲೆಯಲ್ಲಿ ಭೂಗೋಳದ ಮಾಸ್ತರನಾಗಿ ನಿವೃತ್ತನಾದವನು. ಕಪ್ಪು ಬಿಳುಪು ಗೆರೆಯ ರೈಲುಮಾರ್ಗ ಧಾರವಾಡದವರೆಗೆ ನೆಟ್ಟಗೆ ಬಂದು, ನಮ್ಮನ್ನು ನೋಡಿದ ಕೂಡಲೇ ಸಾಲಗಾರನನ್ನು ಕಂಡವರಂತೆ ಬೇರೆ ಓಣಿ ಹಿಡಿದು ಹೋಗುವುದನ್ನು ಜೀವನಪರ್ಯಂತ ನಕಾಶದ ಮೇಲೆ ಕಡ್ಡಿ ಹಿಡಿದು ತೋರಿಸಿದ್ದೇನೆ. ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲರದೂ ಇದೇ ಹಣೆಬರಹ. "ಸರ್, ನಕಾಶದಾಗ ನಮ್ಮೂರ ಎಲ್ಲೈತ್ರಿ?" ಎಂದು ಮಕ್ಕಳು ಕೇಳಿದರೆ, "ಹಳಿ ಎಲ್ಲಿಲ್ಲ ನೋಡ್ರಿ, ಅಲ್ಲೈತಿ" ಎನ್ನುತ್ತಿದ್ದೆ.

ಇಂಥ ಊರಿಗೆ ನಮ್ಮ ರುದ್ರಪ್ಪ ಕಾಕಾ ರೈಲುಡಬ್ಬಿ ತಂದ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವನು. ಅವನು ಕೆಲಸ ಮಾಡಿದ್ದು ಸ್ಟೇಶನ್ನಿನಲ್ಲೂ ಅಲ್ಲ, ಕಾರಖಾನೆಯಲ್ಲೂ ಅಲ್ಲ, ಒಂದು ವರ್ಕ್‌ಶಾಪ್ ವ್ಯಾನಿನಲ್ಲಿ. ಎಲ್ಲಾದರೂ ಗಾಡಿ ಹಳಿ ತಪ್ಪಿ ಮಗುಚಿ ಬಿದ್ದರೆ, ಕ್ರೇನಿನ ಹಿಂದೆ ಓಡುತ್ತಿದ್ದ ಡಬ್ಬಿ ಅದು. ಒಳಗೆ ಪ್ರಯಾಣಿಕರ ಸೀಟುಗಳಿಲ್ಲ. ಒಂದು ಬದಿಗೆ ಉದ್ದನೆಯ ತೇಗದ ಮೇಜು, ಸಾಮಾನನ್ನು ಬಾಯಲ್ಲಿ ಬಿಗಿಹಿಡಿಯಲು ಅದಕ್ಕೆ ಕಚ್ಚಿಸಿದ ಕಬ್ಬಿಣದ ಹಿಡಿ, ಕೈಯಿಂದ ತಿರುಗಿಸುವ ಬೈರಿಗೆ, ಮೂಲೆಯಲ್ಲಿ ಸಣ್ಣ ಕುಲುಮೆ, ಗೋಡೆಯ ತುಂಬ ಪಾನಾ ಸುತ್ತಿಗೆ ತೂಗುಹಾಕುವ ಗೂಟಗಳು. ಬ್ರಿಟಿಷರ ಕಾಲದ್ದು. ಬೇರೆ ಗಾಡಿಗಳೆಲ್ಲ ಜನರನ್ನು ಊರು ಮುಟ್ಟಿಸಿ ಬಂದರೆ, ಇದು ಬಿದ್ದ ಗಾಡಿಗಳನ್ನು ಎಬ್ಬಿಸಿ ಬರುತ್ತಿತ್ತು. ಹಾಗಾಗಿ ತಾನು ಬಾಕಿಯವರಿಗಿಂತ ಒಂದು ತೂಕ ಹೆಚ್ಚಿನವನು ಎಂದು ಕಾಕಾ ನಂಬಿದ್ದ. ಆ ನಂಬಿಕೆಯ ಉಪದ್ರವವನ್ನು ನಾವೆಲ್ಲ ಅನುಭವಿಸಿದ್ದೇವೆ. ಮದುವೆ ಮನೆಯಲ್ಲಿ ಪಂಕ್ತಿ ಸೊಟ್ಟಗಾದರೂ ಅವನೇ ಎದ್ದು ಹೋಗಿ ಎಲೆ ನೆಟ್ಟಗೆ ಮಾಡಬೇಕು.

ಡಬ್ಬಿ ಮುಪ್ಪಾಯಿತು, ರೈಲ್ವೆಯವರು ಲಿಲಾವಿಗೆ ಹಾಕಿದರು. ಅದೇ ಕಾಲಕ್ಕೆ ಕಾಕಾನೂ ಮುಪ್ಪಾಗಿ ರಿಟೈರ್ ಆದ. ಬಾಕಿ ಜನ ರಿಟೈರ್ ಆದಾಗ ಶಾಲು, ಗಡಿಯಾರ ತಂದರೆ, ಇವನು ಲಿಲಾವಿನಲ್ಲಿ ಸವಾಲು ಕೂಗಿ ಡಬ್ಬಿಯನ್ನೇ ತಂದ. ಎಂ.ಕೆ. ಹುಬ್ಬಳ್ಳಿ ಕಡೆ ಸಕ್ಕರೆ ಕಾರಖಾನೆಗೆ ಮಶೀನು ಸಾಗಿಸುವ ಉದ್ದನೆಯ ಟ್ರೇಲರ್ ಮೇಲೆ, ಗಾಲಿ ಸಮೇತ. ದಾರಿಯಲ್ಲಿ ದೊಡವಾಡದ ಹತ್ತಿರ ಒಬ್ಬ ಹೆಣ್ಣುಮಗಳು ಕೈ ಅಡ್ಡ ಮಾಡಿ, "ಹೊಂಗಲಕ್ಕ ಹೊಕ್ಕೈತೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೋಳಿಬುಟ್ಟಿ ಸಮೇತ ಒಳಗೆ ಹತ್ತಿ ಕೂತಳಂತೆ. ನಮ್ಮ ಸೀಮೆಯ ಮೊಟ್ಟಮೊದಲ ರೈಲು ಪ್ರಯಾಣಿಕಳು ಆಕೆ. ಕೊನೆಯವಳೂ ಅವಳೇ.

ದೊಡವಾಡ ರಸ್ತೆಗೆ ಹತ್ತಿದ ಹೊಲದಲ್ಲಿ ಡಬ್ಬಿ ಇಳಿಯಿತು. ಅವನ ಹೆಂಡತಿ ನೀಲವ್ವ ಕಾಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರೀಕಿ?" ಅಂದಳು.

"ನನ್ನ ಸಂಗಾಟ ಇಷ್ಟ ವರ್ಷ ದುಡದಾಕಿ," ಎಂದ ಕಾಕಾ.

"ಹೌದಲ್ಲ, ಅದಕ್ಕ ತಿಂಗಳಿಗೊಮ್ಮೆ ಮನಿಗಿ ಬರತಿದ್ದಿ. ಸವತಿನ್ನ ಮನಿಗೇ ಕರಕೊಂಡ ಬಂದಿ, ಛಲೋ ಆತು. ಇನ್ನ ಕಣ್ಣಮುಂದರ ಇರತೀರಿ ಇಬ್ಬರೂ."

ಅವತ್ತಿನಿಂದ ಆ ಡಬ್ಬಿಗೆ ಸವತಿ ಎಂದೇ ಹೆಸರಾಯಿತು. ಕಾಕಾ ಅದರೊಳಗೆ ದುರಸ್ತಿ ಅಂಗಡಿ ತೆರೆದ. ಟ್ರ್ಯಾಕ್ಟರಿನ ಕೊಂಡಿ, ಕಬ್ಬಿನ ಗಾಡಿಯ ಅಚ್ಚು, ಕೂರಿಗೆಯ ತಾಳು, ಏನೇ ಮುರಿದರೂ ಜನ ಅಲ್ಲಿಗೆ ತರುತ್ತಿದ್ದರು. ಬರುವವರು ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು. ಕೆಲಸ ಶುರುವಾಗುವ ಮುಂಚೆ ಹಸಿರು ನಿಶಾನೆ, ಊಟದ ಹೊತ್ತಿಗೆ ಕೆಂಪು ನಿಶಾನೆ. ಕೆಂಪು ನಿಶಾನೆ ಬಿದ್ದ ಮೇಲೆ ಮುಖ್ಯಮಂತ್ರಿ ಬಂದರೂ ಸುತ್ತಿಗೆ ಏಳುತ್ತಿರಲಿಲ್ಲ. ಮುಖ್ಯಮಂತ್ರಿ ಬರಲೂ ಇಲ್ಲ ಎನ್ನಿ.

ಸವತಿಯ ಆರೈಕೆಯಲ್ಲಿ ಗಂಡ ಹೆಂಡತಿ ಇಬ್ಬರದೂ ಬೇರೆ ಬೇರೆ ಶಾಸ್ತ್ರ. ಕಾಕಾ ಪ್ರತಿ ಅಮವಾಸ್ಯೆಗೆ ಈ ಕುಪ್ಪಿಯಲ್ಲಿ ಔಡಲೆಣ್ಣೆ ತುಂಬಿಕೊಂಡು ಗಾಲಿ, ತಿರುಗಣಿ, ಬೈರಿಗೆ ಎಲ್ಲಕ್ಕೂ ಹನಿ ಹಾಕುತ್ತಿದ್ದ. ಎಲ್ಲಿಗೂ ಹೋಗದ ಗಾಲಿಗಳು ಅವು. ಕಾಕಿ ಮಾತ್ರ ಸೋಮವಾರಕ್ಕೊಮ್ಮೆ ತೇಗದ ನೆಲಕ್ಕೆ ಸೆಗಣಿ ಸಾರಿಸಿ, ಮೆಟ್ಟಿಲಿಗೆ ಹುರಮಂಜಿನ ಕೆಂಪು ಬಳಿದು, ಮುಂದೆ ರಂಗೋಲಿ ಹಾಕುತ್ತಿದ್ದಳು. ಪಾನಾ ತೂಗುಹಾಕುವ ಗೂಟಗಳಲ್ಲಿ ಉಳ್ಳಾಗಡ್ಡಿಯ ಗೊಂಚಲು ಕಟ್ಟುತ್ತಿದ್ದಳು. ಮಾಡಿನ ಮೇಲೆ ಮೆಣಸಿನಕಾಯಿ. "ಇದು ರೈಲ್ವೆ ಆಸ್ತಿ ಐತಿ!" ಎಂದು ಕಾಕಾ ಕೂಗಿದರೆ, "ಹೊಲಾ ನಮ್ಮಪ್ಪಂದೈತಿ!" ಎಂದು ಕಾಕಿ ಮರುಕೂಗು ಹಾಕುತ್ತಿದ್ದಳು. ಜಗಳ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಯಾವಾಗಲೂ ಒಂದೇ ಮಾತಿಗೆ: "ಅಮಾಸಿಗೊಮ್ಮೆ ಆಕೀಗಿ ಎಣ್ಣಿ ಹಾಕತಿ. ನನ್ನ ನೆತ್ತಿಗೆ ಎಂದಾರ ಒಂದ ಹನಿ ಹಾಕೀಯೇನ?"

ಅವರಿಗೆ ಮಕ್ಕಳಿರಲಿಲ್ಲ. ಈ ಜಗಳವನ್ನೇ ಇಬ್ಬರೂ ಸೇರಿ ಚೆಂದ ಮಾಡಿ ಸಾಕಿದ್ದರು.

ಕಾಕಾನಿಗೆ ಒಂದೇ ಆಸೆ. ಡಬ್ಬಿ ಮತ್ತೆ ಹಳಿಯ ಮೇಲೆ ನಿಲ್ಲಬೇಕು. ನಮ್ಮೂರಿಗೆ ರೈಲು ಬರುತ್ತದೆ ಎಂಬ ಸುದ್ದಿ ಅವನು ಹುಟ್ಟುವ ಮೊದಲಿಂದಲೂ ಇತ್ತು, ಸುದ್ದಿಗೆ ಸಾವಿಲ್ಲ. ಮೊದಲು ಧಾರವಾಡ ಕಡೆಯಿಂದ ಬರುತ್ತದೆ ಎಂದರು. ಅದಕ್ಕೇ ಡಬ್ಬಿಯನ್ನು ಧಾರವಾಡ ದಿಕ್ಕಿಗೆ ಮುಖ ಮಾಡಿ ಇಳಿಸಿಕೊಂಡಿದ್ದ. ಆಮೇಲೆ ಇಲ್ಲ, ಕಿತ್ತೂರ ಮೇಲೆ ಬರುತ್ತದೆ ಎಂದು ಸುದ್ದಿ ಬಂತು. ಆ ವರ್ಷ ಕಾರಹುಣ್ಣಿಮೆಯ ಮಾರನೆಯ ದಿನ, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಉಂಡು ತೇಗುತ್ತಿದ್ದ ಓಣಿಯ ಎತ್ತುಗಳನ್ನೆಲ್ಲ ತರಿಸಿ, ದಿಮ್ಮಿ ಇಟ್ಟು, ಹಗ್ಗ ಕಟ್ಟಿ, ಡಬ್ಬಿಯನ್ನು ಪಡುವಣಕ್ಕೆ ತಿರುಗಿಸಿದ. ಮುಂದೆ ಸುದ್ದಿ ಮತ್ತೆ ಬದಲಾಯಿತು. ನವಿಲುತೀರ್ಥದ ಮಗ್ಗುಲಿಂದ ಸವದತ್ತಿ, ರಾಮದುರ್ಗ ಸುತ್ತಿಕೊಂಡು ರೈಲು ಮೂಡಣದಿಂದ ಬರುತ್ತದಂತೆ. ಮತ್ತೆ ಕಾರಹುಣ್ಣಿಮೆ, ಮತ್ತೆ ಎತ್ತು, ಮತ್ತೆ ದಿಮ್ಮಿ.

ಆಗ ನಾನು ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ, ಬುದ್ಧಿ ತೋರಿಸುವ ಚಪಲ. "ಕಾಕಾ, ರೈಲಿನ ಡಬ್ಬಿಗಿ ಹಿಂದ ಮುಂದ ಅಂತಿಲ್ಲ. ಪಡುವಣಕ್ಕ ನಿಂತದ್ದು ಮೂಡಣಕ್ಕೂ ನಿಂತಂಗ. ಸುಮ್ನ ಎತ್ತಿನ ಪ್ರಾಣಾ ಯಾಕ ತಗೀತಿ?" ಎಂದೆ.

ಕಾಕಾ ಹಗ್ಗ ಬಿಟ್ಟು ನನ್ನನ್ನು ಮರುಕದಿಂದ ನೋಡಿದ. "ಬೀಗರು ಬರೂ ಹೊತ್ತಿನ್ಯಾಗ ಬೆನ್ನ ತೋರಿಸಿ ಕುಂದರತೀಯೇನಲೇ ನೀನು? ಭೂಗೋಳ ಕಲತಿ, ರೀತಿ ರಿವಾಜ ಕಲೀಲಿಲ್ಲ."

ಎತ್ತುಗಳು ಎಳೆದವು, ಡಬ್ಬಿ ತಿರುಗಿತು. ಬೀಗರು ಬರಲಿಲ್ಲ. ಕಾಕಾ ಹಾಸಿಗೆ ಹಿಡಿದಾಗಲೂ ಅದನ್ನೇ ಕೇಳುತ್ತಿದ್ದ, ಸರ್ವೇದವರು ಬಂದರೇನು, ಕಲ್ಲು ನೆಟ್ಟರೇನು ಎಂದು. ಹೋಗುವ ಮುಂಚೆ ಕಾಕಿಯ ಕೈ ಹಿಡಿದು, "ಗುಜರಿಗಿ ಹಾಕಬ್ಯಾಡ. ಒಮ್ಮೆರ ಹಳಿ ಮ್ಯಾಲ ನಿಂದರಸು" ಎಂದ. ಹೆಂಡತಿಗೆ ಬೇರೆ ಮಾತು ಹೇಳಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಕಾಕಿಗೆ ಬಂದಿರಲಿಲ್ಲ. "ಹೂಂ" ಎಂದಳು ಅಷ್ಟೇ.

ಅವನು ಹೋದ ಮೇಲೆ ಅಮವಾಸ್ಯೆಯ ಎಣ್ಣೆ ಕಾಕಿಯ ಪಾಲಿಗೆ ಬಂತು. ಬೈಯುತ್ತ ಹಾಕುತ್ತಿದ್ದಳು. ಮಾಡು ಸೋರಿತು, ಒಂದು ಬದಿಯ ಹಲಗೆ ಉಬ್ಬಿತು, ಗಾಲಿ ಎರೆಮಣ್ಣಿನಲ್ಲಿ ಅರ್ಧ ಹೂತವು. ಗುಜರಿಯವರು ಬಂದು ಕೇಳಿದರೆ ಕಸಬರಿಗೆ ತೋರಿಸುತ್ತಿದ್ದಳು. ಇನ್ನು ನಾಲ್ಕು ಮಳೆಗಾಲ ಕಳೆದರೆ ಡಬ್ಬಿ ಮಣ್ಣುಪಾಲು ಎಂದು ನಮಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆಗ ಬಂದವರು ಸಂಗ್ರಹಾಲಯದ ಸಾಹೇಬರು. ದೂರದ ಊರಿನ ಒಂದು ರೈಲು ಸಂಗ್ರಹಾಲಯ, ಹೆಸರು ಬೇಡ, ಅವರೂ ಪಾಪ ನಮ್ಮಂಥವರೇ. ಎಳೆಯ ವಯಸ್ಸಿನ ಸಾಹೇಬರು, ಡಬ್ಬಿಯನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡರು. ಒಳಗೆ ಹೋಗಿ ಸೆಗಣಿ ನೆಲ ಕಂಡು ಇನ್ನಷ್ಟು ನೀರು ತಂದುಕೊಂಡರು. "ಇಂಥದ್ದು ಈಗ ಎಲ್ಲೂ ಉಳಿದಿಲ್ಲ. ನಮಗೆ ಕೊಡಿ, ರಿಪೇರಿ ಮಾಡಿ ಕಾಪಾಡುತ್ತೇವೆ" ಎಂದರು.

ಕಾಕಿ ಕೇಳಿದ್ದು ಒಂದೇ. "ಹಳಿ ಮ್ಯಾಲ ನಿಂದರಸ್ತೀರೇನ?"

"ಖಂಡಿತ ಅಮ್ಮಾ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರ ಒಯ್ರಿ" ಎಂದಳು.

ಒಯ್ಯುವ ದಿನ ಕ್ರೇನು ಬಂತು, ಓಣಿಯೆಲ್ಲ ನೆರೆಯಿತು. ಸರಪಳಿ ಬಿಗಿಯುತ್ತಿರುವಾಗ ಕಾಕಿ ತಾಟು ಹಿಡಿದುಕೊಂಡು ಬಂದಳು. ಅಕ್ಕಿ, ಕೊಬ್ಬರಿಬಟ್ಟಲು, ಎಲೆ ಅಡಿಕೆ, ಅರಿಷಿಣದ ಬೇರು, ಕುಪ್ಪಸಕ್ಕೆ ಹಸಿರು ಖಣ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಉಡಿ. ಓಣಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಮುತ್ತೈದೆಯರು ಮಾಡುವ ಕೆಲಸ ಅದು, ಕಾಕಿಯ ಹಣೆ ಬರಿದಾಗಿತ್ತು. ಒಬ್ಬಾಕೆ ಮೆಲ್ಲಗೆ, "ನೀಲವ್ವಾ, ನಾವ ತುಂಬತೇವಿ, ಕೊಡ" ಎಂದಳು.

ಕಾಕಿ ತಾಟು ಕೊಡಲಿಲ್ಲ. "ನಮ್ಮಿಬ್ಬರಿಗೂ ಗಂಡ ಅಂದ್ರ ಒಬ್ಬಾಂವನ ಇದ್ದ. ಅಂವಾ ಹೋದ. ಈಕೀ ಉಡಿ ನಾ ತುಂಬಲಿಲ್ಲ ಅಂದ್ರ ನೀವು ಹ್ಯಾಂಗ ತುಂಬತೀರಿ?" ಎಂದಳು. ಅವಳು ಮೆಟ್ಟಿಲು ಹತ್ತಿದಳು. ರೈಲುಡಬ್ಬಿಗೆ ಮಡಿಲು ಎಲ್ಲಿರುತ್ತದೆ? ಕಾಕಿ ಆಚೆ ಈಚೆ ನೋಡಿ, ಮೇಜಿಗೆ ಕಚ್ಚಿಸಿದ್ದ ಆ ಕಬ್ಬಿಣದ ಹಿಡಿಯ ಬಾಯಿ ತೆರೆದು, ಉಡಿಯನ್ನೆಲ್ಲ ಖಣದಲ್ಲಿ ಕಟ್ಟಿ ಅದರಲ್ಲಿಟ್ಟು ಮೆಲ್ಲಗೆ ಬಿಗಿದಳು. ಸಾಹೇಬರು, "ಅಮ್ಮಾ, ಹೊರಗಿನ ವಸ್ತು ಇಡುವ ಹಾಗಿಲ್ಲ" ಎಂದರು. ಕಾಕಿ, "ಹೊರಗಿನಾವ್ರು ನೀವು" ಎಂದಳು.

ಉಡಿ ತುಂಬಿಸಿಕೊಂಡ ಮಗಳು ಹೊರಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ತವರಿಗೆ ಬಿಟ್ಟು ಹೋಗಬೇಕು. ಅದು ನಮ್ಮಲ್ಲಿಯ ಪದ್ಧತಿ. ಕಾಕಿ ಅದನ್ನೂ ಮರೆಯಲಿಲ್ಲ. ಅಕ್ಕಿಯ ಬದಲು ಗೂಟದಲ್ಲಿ ತೂಗುತ್ತಿದ್ದ ಎಣ್ಣೆಕುಪ್ಪಿಯನ್ನು ಅರಿಷಿಣದ ಕೈಯಲ್ಲೇ ಇಳಿಸಿ ತಂದು ನನ್ನ ಕೈಗಿಟ್ಟಳು. ಡಬ್ಬಿ ಮೇಲೆದ್ದಿತು. ಅದರ ಕೆಳಗೆ ಹಸಿರೇ ಕಾಣದ ಬಿಳಿಚಿದ ನೆಲ.

"ಇಷ್ಟ ವರ್ಷ ಸವತಿ ಅಂದಿ, ಈಗ ಮಗಳು ಹ್ಯಾಂಗಾದಳು?" ಎಂದು ನಾನು ನಗಿಸಲು ಹೋದೆ.

"ಮನಿ ಬಿಟ್ಟ ಹೊಂಟಾಕಿ ಮಗಳಲ್ಲದ ಮತ್ತೇನೋ?" ಎಂದು ಕಾಕಿ ಅತ್ತಳು. ಕಾಕಾ ಹೋದಾಗಲೂ ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ.

ಹೋದ ತಿಂಗಳು ಮಗಳ ಮನೆ ನೋಡಬೇಕೆಂದಳು. ಬಸ್ಸು ಬದಲಿಸಿ ಬದಲಿಸಿ ಹೋದೆವು. ಬುತ್ತಿಯ ಗಂಟನ್ನು ನಾನು ಬಸ್ಸಿನಲ್ಲೇ ಮರೆತು ಇಳಿದೆ, ಅದಕ್ಕೆ ಬೈಸಿಕೊಂಡದ್ದು ಇಲ್ಲಿ ಬೇಡ. ಡಬ್ಬಿ ಚೆಂದ ಕಾಣುತ್ತಿತ್ತು. ಹೊಸ ಹಲಗೆ, ಮಿರಿಮಿರಿ ವಾರ್ನಿಶ್, ಮುಂದೊಂದು ಫಲಕ. ಎಲ್ಲಿ ಕಟ್ಟಿದ್ದು, ಎಲ್ಲೆಲ್ಲಿ ಓಡಿದ್ದು ಎಂದೆಲ್ಲ ಬರೆದು, ನಮ್ಮೂರಿನ ಸಂಸಾರವನ್ನೆಲ್ಲ ಸೇರಿಸಿ, "ಅನಂತರ ಖಾಸಗಿ ವಶದಲ್ಲಿತ್ತು" ಎಂದು ಮುಗಿಸಿದ್ದರು. ಖಾಸಗಿ ಅಂತೆ! ಊರಿಗೆ ಊರೇ ಹಗ್ಗ ಹಿಡಿದು ತಿರುಗಿಸಿದ ಡಬ್ಬಿ. ನಾನು ಕೆಂಡವಾದೆ. ಕಾಕಿ ಮಾತ್ರ ಫಲಕದ ಕಡೆ ಹೊರಳಿಯೂ ನೋಡದೆ ಬಗ್ಗಿ ಗಾಲಿ ನೋಡಿದಳು.

"ಹಳಿ ಎಲ್ಲೈತಿ?"

ಗಾಲಿಗಳ ಕೆಳಗೆ ಇದ್ದದ್ದು ಸಿಮೆಂಟಿನ ದಿಂಡು. ಕಾವಲುಗಾರ ಹಲ್ಲು ಬಿಟ್ಟು, "ಹಳಿ ಮಂಜೂರಾಗ್ಯಾವ್ರಿ. ಬರೂದೊಂದ ಬಾಕಿ ಐತಿ" ಎಂದ. ಬೈಲಹೊಂಗಲದವರಿಗೆ ಈ ಮಾತು ಬಾಯಿಪಾಠ. ಇದನ್ನು ಕೇಳಲು ಅಷ್ಟು ದೂರ ಬಸ್ಸಿನಲ್ಲಿ ಹೋಗಬೇಕಾಗಿರಲಿಲ್ಲ.

ಕಾಕಿ ಡಬ್ಬಿಯ ಮೆಟ್ಟಿಲ ಮೇಲೆ ಕೂತಳು. ಕಾವಲುಗಾರ ಒಳ್ಳೆಯವನು, ಚಹಾ ತಂದ. "ಒಲ್ಲೆ" ಎಂದಳು. ನೀರು ತಂದ. "ಒಲ್ಲೆ." ನನಗೆ ಕಾರಣ ಗೊತ್ತಿತ್ತು. ನಮ್ಮ ಕಡೆ ಹಳೆಯ ಮಂದಿ, ಮಗಳಿಗೆ ಮಗುವಾಗುವ ತನಕ ಅವಳ ಮನೆಯಲ್ಲಿ ತುತ್ತು ಅನ್ನ ಉಣ್ಣುವುದಿಲ್ಲ, ಗುಟುಕು ನೀರು ಕುಡಿಯುವುದಿಲ್ಲ. ಈ ಮಗಳಿಗೆ ಮಗುವಾಗುವುದಂತೂ ಕಾಣೆ. "ನೀ ತಿನ್ನು, ನೀ ಅಣ್ಣ ಆಗಬೇಕು ಆಕೀಗಿ, ನಡೀತೈತಿ" ಎಂದು ಕಾಕಿ ನನಗೆ ಪರವಾನಗಿ ಕೊಟ್ಟಳು. ನಾನು ಪಕ್ಕದಲ್ಲೇ ಕೂತು ಕ್ಯಾಂಟೀನಿನ ವಡೆಗೆ ನ್ಯಾಯ ಸಲ್ಲಿಸತೊಡಗಿದೆ.

ಮಧ್ಯಾಹ್ನದ ಹೊತ್ತಿಗೆ ಸಂಗ್ರಹಾಲಯದಲ್ಲಿ ಗುಸುಗುಸು ಎದ್ದಿತು. ಮುದುಕಿ ಹಳಿಗಾಗಿ ಉಪವಾಸ ಕೂತಿದ್ದಾಳೆ, ನೀರನ್ನೂ ಮುಟ್ಟುತ್ತಿಲ್ಲ! ಕಾಲೇಜು ಹುಡುಗಿಯರು ಮೊಬೈಲು ಎತ್ತಿ ವಿಡಿಯೊ ಮಾಡಿಕೊಂಡರು. ಅದರಲ್ಲಿ ಒಣಗಿದ ತುಟಿಯ ಕಾಕಿ ಒಂದು ಕಡೆ, ಕೆನ್ನೆ ಉಬ್ಬಿದ ನಾನು ಇನ್ನೊಂದು ಕಡೆ. ಪೇಪರಿನವನೊಬ್ಬ ಬಂದ. ಸಾಹೇಬರು ಬೆವರುತ್ತ ಓಡಿಬಂದು ಕೈಮುಗಿದರು. "ಅಮ್ಮಾ, ದಯವಿಟ್ಟು ನೀರಾದರೂ ಕುಡಿಯಿರಿ."

"ಮಗಳ ಮನ್ಯಾಗ ನಾ ಹ್ಯಾಂಗ ಕುಡೀಲೋ ಯಪ್ಪಾ?"

"ಯಾವ ಮಗಳಮ್ಮಾ?"

ಕಾಕಿ ಡಬ್ಬಿಯ ಬಾಗಿಲು ತಟ್ಟಿ ತೋರಿಸಿದಳು. ಸಾಹೇಬರ ಮುಖ ಬಿಳಿಚಿತು. ಹಸಿವಿಗೆ ಅಜ್ಜಿಯ ತಲೆ ತಿರುಗಿದೆ ಎಂದುಕೊಂಡರು. "ಹಾಕಿಸುತ್ತೇನೆ ಅಮ್ಮಾ! ಒಂದೇ ತಿಂಗಳು. ಹಿಂದೆ ಯಾರ್ಡಿನಲ್ಲಿ ಹಳೆಯ ಹಳಿ ಬಿದ್ದಿವೆ. ಮಂಜೂರಿ ಗಿಂಜೂರಿ ನಾನು ನೋಡಿಕೊಳ್ಳುತ್ತೇನೆ!" ಎಂದು ಪೇಪರಿನವನ ಎದುರಿಗೇ ಮಾತು ಕೊಟ್ಟರು. ನಾನು ಪದ್ಧತಿಯನ್ನು ಬಿಡಿಸಿ ಹೇಳಬಹುದಿತ್ತು. ಬಾಯಲ್ಲಿ ವಡೆ ಇತ್ತು.

ಗೇಟು ದಾಟಿದ ಕೂಡಲೇ ಕಾಕಿ ಎರಡು ಗ್ಲಾಸು ಕಬ್ಬಿನ ಹಾಲು ಕುಡಿದಳು. ಬಸ್ಸಿನಲ್ಲಿ ನಾನು ನಡೆದದ್ದನ್ನೆಲ್ಲ ವಿವರಿಸಿ ನಕ್ಕೆ. ಅವಳು ಉಪವಾಸ ಕೂತಳೆಂದು ಎಲ್ಲರೂ ತಿಳಿದಿದ್ದು, ಅದಕ್ಕೇ ಹಳಿ ಬರುತ್ತಿರುವುದು. ಕಾಕಿ ನಗಲಿಲ್ಲ. ಕಿಟಕಿಯ ಕಡೆ ಹೊರಳಿದಳು.

"ನೀರ ಬಿಟ್ರ ಹಳಿ ಬರತಾವಂತ ನನಗ ಯಾರೂ ಹೇಳಲಿಲ್ಲಲ್ಲೋ," ಎಂದಳು. "ಅಂವಾ ಇದ್ದಾಗ ಗೊತ್ತಿದ್ರ, ನಾ ಆಗ ಬಿಡತಿದ್ನೆಲ್ಲೋ."

ಸವತಿ ಸವತಿ ಎಂದು ಬೈದುಕೊಂಡೇ ಬದುಕು ಕಳೆದ ಈ ಹೆಂಗಸು, ಗಂಡನ ಆ ಒಂದು ಹುಚ್ಚಿಗಾಗಿ ಉಪವಾಸ ಸಾಯಲೂ ತಯಾರಿದ್ದಳು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ. ನನಗಂತೂ ಗೊತ್ತಿರಲಿಲ್ಲ.

ನಿನ್ನೆ ಸಾಹೇಬರ ಫೋನು ಬಂತು. ಹಳಿ ಹಾಕಿದ್ದಾರೆ, ಡಬ್ಬಿಯ ಉದ್ದದಷ್ಟೇ, ಎಲ್ಲಿಗೂ ಹೋಗದ ಹಳಿ. ಕ್ರೇನು ಎತ್ತಿ ಅದರ ಮೇಲೆ ನಿಲ್ಲಿಸಿದೆ. ಕಬ್ಬಿಣದ ಹಿಡಿಯಲ್ಲಿದ್ದ ಹಸಿರು ಗಂಟನ್ನು ಯಾರೂ ಬಿಚ್ಚಿಲ್ಲ ಎಂದೂ ತಾವಾಗಿಯೇ ಹೇಳಿದರು. ಅಮ್ಮನನ್ನು ಕರೆತನ್ನಿ, ಆದರೆ ದಯವಿಟ್ಟು ಊಟ ಮಾಡಿಸಿಕೊಂಡು ಕರೆತನ್ನಿ ಎಂದರು. ಇವತ್ತೇ ಹೊರಟಿದ್ದೇವೆ.

ಅಗೋ, ಕಾಕಿ ಬಂದಳು. ಕಂಕುಳಲ್ಲಿ ಬುತ್ತಿಯ ಗಂಟು, ಈ ಸಲ ನನ್ನ ಕೈಗೆ ಕೊಡುವುದಿಲ್ಲವಂತೆ. ನೆತ್ತಿಯ ಮೇಲೆ ಎಣ್ಣೆ ಮಿನುಗುತ್ತಿದೆ, ತಾನೇ ಹಚ್ಚಿಕೊಂಡಿದ್ದಾಳೆ. ಸ್ಟೂಲು, ಬಾಗಿಲು, ನನ್ನ ಕೈ, ಎಲ್ಲ ನೋಡಿದಳು.

"ಕುಪ್ಪಿ ಖಾಲಿ ಮಾಡಿಯೇನ ಬಾಗಲಕ್ಕ?"

"ಇಲ್ಲ ಕಾಕಿ, ಒಂದ ಹನಿನೂ ಹಾಕಿಲ್ಲ. ಬಾಳ ಕಿರಗುಟ್ಟತೈತಿ, ಹಾಕಿಬಿಡತೇನಿ, ನಿಂದ್ರು."

"ಕಿರಗುಟ್ಟಲಿ ಬಿಡ," ಎಂದು ಕಾಕಿ ಕುಪ್ಪಿಯನ್ನು ಕಸಿದು ಸೆರಗಿನಲ್ಲಿ ಸುತ್ತಿಕೊಂಡಳು. "ಇವತ್ತ ಅಮಾಸಿ. ಮೊದಲ ಆಕೀದು."